*99# ಒತ್ತಿದರೆ ಬ್ಯಾಂಕು ಬರುತ್ತದೆ, ನೆಟ್ ಯಾಕೆ ಬರುವುದಿಲ್ಲ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಗುಡ್ಡದ ಮೇಲಿನ ಒಂದೇ ಟವರ್ ನಮಗೆ ಗತಿ. ಮನೆಯೊಳಗೆ ಸಿಗ್ನಲ್ ಪಕ್ಕದಲ್ಲಿ ‘ಇ’ ಅಂತ ಬರುತ್ತದೆ. ದಣಪೆ (ಬೇಲಿಯ ಬಾಗಿಲು) ಹತ್ತಿರ ನಿಂತರೆ ಒಮ್ಮೊಮ್ಮೆ ‘ಎಚ್’ ಕಾಣುತ್ತದೆ. ನನ್ನ ಹತ್ತಿರ ಎರಡು ಹಳೇ ಫೋನ್ ಇವೆ. ಒಂದು ನಾನೇ ಬಳಸುತ್ತಿದ್ದ ನೋಕಿಯಾ ಇ63, ಇನ್ನೊಂದು ಮಗಳು ಬಿಟ್ಟುಕೊಟ್ಟ ಆಂಡ್ರಾಯ್ಡ್ 5.1ರ ಫೋನ್. ‘*99# ಡಯಲ್ ಮಾಡಿದ್ರೆ ನೆಟ್ ಸಿಗುತ್ತೆ ಮಾವ’ ಅಂತ ಅಕ್ಕನ ಮಗ ಹೇಳಿದ. ಒತ್ತಿದರೆ ಬ್ಯಾಂಕಿನ ಮೆನು ಬಂತು! ನನಗೆ ವಾಟ್ಸಾಪ್, ಅಡಿಕೆ ಧಾರಣೆ, ಇಮೇಲ್, ಅಪರೂಪಕ್ಕೆ ಲ್ಯಾಪ್‌ಟಾಪ್‌ಗೆ ನೆಟ್, ಇಷ್ಟು ಸಾಕು. ಯಾವ ಫೋನನ್ನು ಹೇಗೆ ಸೆಟ್ ಮಾಡಿಕೊಳ್ಳಲಿ?

ಉತ್ತರ: ನಿಮ್ಮ ಅಕ್ಕನ ಮಗ ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಬಿಟ್ಟಿದ್ದಾನೆ ಅಷ್ಟೆ.

*99# ಅನ್ನುವ ಒಂದೇ ಸಂಖ್ಯೆಗೆ ಎರಡು ಬೇರೆ ಬೇರೆ ಕೆಲಸ ಇದೆ. ಫೋನಿನಲ್ಲೇ ಒತ್ತಿ ಹಸಿರು ಗುಂಡಿ ಅದುಮಿದರೆ ಅದು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐನ ಬ್ಯಾಂಕಿಂಗ್ ಸೇವೆಗೆ ಹೋಗುತ್ತದೆ. ಅದಕ್ಕೆ ನೆಟ್ ಬೇಡವೇ ಬೇಡ. ಅದೇ ಸಂಖ್ಯೆಯನ್ನು ಲ್ಯಾಪ್‌ಟಾಪ್‌ನ ಡಯಲ್-ಅಪ್ ಕಿಟಕಿಯಲ್ಲಿ ಬರೆದು, ಫೋನನ್ನು ಕೇಬಲ್‌ನಲ್ಲೋ ಬ್ಲೂಟೂತ್‌ನಲ್ಲೋ ಜೋಡಿಸಿ ಡಯಲ್ ಮಾಡಿದರೆ ಕಥೆ ಬೇರೆ. ಆಗ ಕರೆ ಎಲ್ಲಿಗೂ ಹೋಗುವುದಿಲ್ಲ. ‘ಡೇಟಾ ಶುರು ಮಾಡು’ ಎಂದು ಫೋನಿನ ಒಳಗಿನ ಮೋಡೆಮ್‌ಗೆ ಕೊಡುವ ಸನ್ನೆ ಅದು. ಹುಡುಗ ಹೇಳಿದ್ದು ಈ ಎರಡನೆಯದು. ಲ್ಯಾಪ್‌ಟಾಪ್ ಮಾತು ಬಂದಾಗ ಅದಕ್ಕೆ ವಾಪಸ್ ಬರುತ್ತೇನೆ.

ಮೊದಲು ನಿಮ್ಮ ‘ಇ’ ಅಕ್ಷರದ ವಿಷಯ. ಅದು ಎಡ್ಜ್, ಅಂದರೆ 2ಜಿಯ ಸುಧಾರಿಸಿದ ರೂಪ. ‘ಜಿ’ ಬಂದರೆ ಇನ್ನೂ ಹಳೆಯ ಜಿಪಿಆರ್‌ಎಸ್. ‘ಎಚ್’ ಬಂದರೆ 3ಜಿ. ಎಡ್ಜ್‌ನ ವೇಗ ಕಾಗದದ ಮೇಲೆ 236 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ತನಕ ಇದೆ. ಹಳ್ಳಿಯಲ್ಲಿ ಒಂದು 100 ಸಿಕ್ಕಿದರೆ ಪುಣ್ಯ. 100 ಅಂದರೆ ಬಿಟ್ ಲೆಕ್ಕ, 8ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 12 ಕೆಬಿ ಇಳಿಯುತ್ತದೆ. ಹಾಗಾಗಿ 150 ಕೆಬಿಯ ಒಂದು ವಾಟ್ಸಾಪ್ ಫೋಟೊಗೆ ಹನ್ನೆರಡು-ಹದಿಮೂರು ಸೆಕೆಂಡ್ ಬೇಕು. 3 ಎಂಬಿ ತೂಗುವ ಸುದ್ದಿ ಪುಟಕ್ಕೆ ನಾಲ್ಕು ನಿಮಿಷ. ಯಾರೋ ಕಳಿಸಿದ 16 ಎಂಬಿಯ ಗುಡ್ ಮಾರ್ನಿಂಗ್ ವಿಡಿಯೊಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ.

ಲ್ಯಾಂಡ್‌ಲೈನಿನ ಡಯಲ್-ಅಪ್ ಇದಕ್ಕಿಂತ ನಿಧಾನ ಇತ್ತು. 56ಕೆ ಮೋಡೆಮ್ ಅಂತ ಹೆಸರು, ನಮ್ಮ ಊರ ಲೈನಿನಲ್ಲಿ 40 ಸಿಕ್ಕಿದರೆ ಹಬ್ಬ. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಕಾರ್ಡು ತಂದು, 172233ಕ್ಕೆ ಡಯಲ್ ಮಾಡಿ, ಮೋಡೆಮ್ ಕಿರುಚುವುದು ನಿಲ್ಲುವ ತನಕ ಕಾಯುತ್ತಿದ್ದೆ. ಅಷ್ಟರಲ್ಲಿ ಅಮ್ಮ ಒಳಗಿನ ಫೋನ್ ಎತ್ತಿ ‘ಯಾರೋ ಕೊಂಯ್ ಅಂತಿದಾರಲ್ಲೋ’ ಅಂದರೆ ಮುಗಿಯಿತು, ಮತ್ತೆ ಮೊದಲಿಂದ. ಆದರೂ ಆಗ ಕೆಲಸ ನಡೆಯುತ್ತಿತ್ತು. ಯಾಕೆ ಅಂದರೆ ಆ ಸಣ್ಣ ಕೊಳವೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಇರುತ್ತಿತ್ತು. ಕೇಳಿದ ಪುಟ ಬರುತ್ತಿತ್ತು, ಬೇರೆ ಏನೂ ಬರುತ್ತಿರಲಿಲ್ಲ.

ಈಗಿನ ಫೋನ್ ಹಾಗಲ್ಲ. ನೀವು ಧಾರಣೆ ನೋಡಲು ಕೂತಿರುತ್ತೀರಿ. ಅದೇ ಹೊತ್ತಿಗೆ ಪ್ಲೇ ಸ್ಟೋರ್ ಯಾವುದೋ ಆಪ್‌ನ ಹೊಸ ಆವೃತ್ತಿ ಎಳೆಯುತ್ತಿರುತ್ತದೆ, ಫೋಟೊಗಳು ಗೂಗಲ್‌ಗೆ ಏರುತ್ತಿರುತ್ತವೆ, ವಾಟ್ಸಾಪ್ ಬ್ಯಾಕಪ್ ಮಾಡುತ್ತಿರುತ್ತದೆ. ಗುಡ್ಡದ ಅಬ್ಬಿಯಿಂದ (ಒರತೆಯಿಂದ) ಮನೆಗೆ ನೀರು ತರುವ ಅಡಿಕೆ ಮರದ ದಂಬೆಗೆ ಮೇಲಿನಿಂದ ಕೆಳಗಿನ ತನಕ ಹತ್ತು ತೂತು ಕೊರೆದ ಹಾಗೆ. ಅಂಗಳಕ್ಕೆ ಬರುವ ಹೊತ್ತಿಗೆ ತೊಟ್ಟಿಕ್ಕುವುದು ಅಷ್ಟೆ. ಅಬ್ಬಿಯನ್ನು ದೊಡ್ಡದು ಮಾಡಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ತೂತು ಮುಚ್ಚಬಹುದು. ಕೆಳಗೆ ಹೇಳುವ ಸೆಟ್ಟಿಂಗ್‌ಗಳಲ್ಲಿ ಮುಕ್ಕಾಲು ಪಾಲು ಅದೇ ಕೆಲಸದ್ದು.

ನೆಟ್‌ಗೆ ಆಂಡ್ರಾಯ್ಡ್ ಇಟ್ಟುಕೊಳ್ಳಿ. ನೋಕಿಯಾ ಇ63 ಒಳ್ಳೇ ಫೋನು, ಕೀಲಿಮಣೆಯ ಮೇಲೆ ನನಗೂ ಪ್ರೀತಿ ಇದೆ. ಆದರೆ ಆಂಡ್ರಾಯ್ಡ್‌ಗೆ ಮೊದಲಿನ ಸಿಂಬಿಯನ್ ತಂತ್ರಾಂಶದ 2008ರ ಫೋನು ಅದು. ಅದರಲ್ಲಿ ವಾಟ್ಸಾಪ್ 2017ರಲ್ಲೇ ನಿಂತಿತು. ಇವತ್ತಿನ ಜಾಲತಾಣಗಳು ಬಳಸುವ ಗೂಢಲಿಪಿ ಅದರ ಬ್ರೌಸರ್‌ಗೆ ಅರ್ಥವಾಗುವುದಿಲ್ಲ, ಹಾಗಾಗಿ ಹೆಚ್ಚಿನ ಪುಟ ತೆರೆಯುವುದೇ ಇಲ್ಲ. ಹಾಗಂತ ಅದನ್ನು ಮತ್ತೆ ಡ್ರಾಯರ್‌ಗೆ ಹಾಕಬೇಡಿ, ಅದಕ್ಕೂ ಒಂದು ಕೆಲಸ ಇಟ್ಟಿದ್ದೇನೆ.

ಆಂಡ್ರಾಯ್ಡ್ ಫೋನನ್ನು ಹಳ್ಳಿಯಲ್ಲಿ ಕೂತು ಸೆಟ್ ಮಾಡಲು ಹೋಗಬೇಡಿ. ಮುಂದಿನ ಸಲ ಮಗಳ ಮನೆಗೆ ಹೋದಾಗ, ಅಲ್ಲಿ ವೈಫೈ ಇದ್ದರೆ, ಒಂದು ರಾತ್ರಿ ಅದಕ್ಕೇ ಕೊಡಿ. ಹಳೇ ಫೋನನ್ನು ವರ್ಷಗಳ ಮೇಲೆ ಆನ್ ಮಾಡಿದರೆ ಗೂಗಲ್ ಪ್ಲೇ ಸರ್ವಿಸಸ್‌ನಿಂದ ಹಿಡಿದು ಎಲ್ಲವೂ ನೂರಾರು ಎಂಬಿ ಅಪ್‌ಡೇಟ್ ಕೇಳುತ್ತವೆ. ಎಡ್ಜ್‌ನಲ್ಲಿ ಅದು ಮುಗಿಯುವ ಮಾತಲ್ಲ. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುವ ಯೋಚನೆ ಇದ್ದರೆ ಒಂದು ಎಚ್ಚರ. ಆಂಡ್ರಾಯ್ಡ್ 5.1ರಿಂದ ಕಳ್ಳತನ ತಡೆಯುವ ಬೀಗ ಬಂದಿದೆ. ಅದು ಇರುವ ಫೋನು ಅಳಿಸಿದ ಮೇಲೆ ಹಿಂದಿನವರ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಬಹುದು. ಆದ್ದರಿಂದ ಮಗಳು ಪಕ್ಕದಲ್ಲಿ ಇರುವಾಗಲೇ ಅವಳ ಖಾತೆ ತೆಗೆಸಿ, ಆಮೇಲೆ ಅಳಿಸಿ.

ಇನ್ನೊಂದು ಚಿಕ್ಕ ವಿಷಯ. ಫೋನಿನ ದಿನಾಂಕ ನೋಡಿಕೊಳ್ಳಿ. ಬ್ಯಾಟರಿ ಪೂರ್ತಿ ಇಳಿದ ಹಳೇ ಫೋನು ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತದೆ. ಆಗ ಯಾವ ಪುಟ ತೆರೆದರೂ ‘ಸುರಕ್ಷಿತವಲ್ಲ’ ಅಂತ ಎಚ್ಚರಿಕೆ ಬರುತ್ತದೆ. ಜಾಲತಾಣದ ಗುರುತಿನ ಚೀಟಿಗೆ ಶುರುವಿನ ದಿನ, ಮುಗಿಯುವ ದಿನ ಇರುತ್ತದಲ್ಲ, ಫೋನು ತಾನು 2015ರಲ್ಲಿ ಇದ್ದೇನೆ ಅಂದುಕೊಂಡರೆ ಆ ಚೀಟಿ ಇನ್ನೂ ಹುಟ್ಟೇ ಇರುವುದಿಲ್ಲ. ನೆಟ್ ಕೆಟ್ಟಿದೆ ಅಂತ ಸಿಮ್ ಬದಲಾಯಿಸಿದವರನ್ನು ನೋಡಿದ್ದೇನೆ. ಕೆಟ್ಟಿದ್ದು ಗಡಿಯಾರ.

ತಾರೀಕು ಸರಿ ಇದ್ದೂ ಕೆಲವು ತಾಣಗಳು ಹಾಗೇ ಹಟ ಮಾಡಿದರೆ ಕಾರಣ ಬೇರೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆಯಾಗಿ ಕೊಡುವ ಗುರುತಿನ ಚೀಟಿಯನ್ನು ಲಕ್ಷಾಂತರ ತಾಣಗಳು ಬಳಸುತ್ತವೆ. ಅದರ ಹೊಸ ಮುದ್ರೆ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳು ನಂಬುವ ಮುದ್ರೆಗಳ ಪಟ್ಟಿಯಲ್ಲಿ ಇಲ್ಲ. ಒಂದು ತಾತ್ಕಾಲಿಕ ಏರ್ಪಾಟಿನಿಂದ ಇಷ್ಟು ದಿನ ನಡೆಯುತ್ತಿತ್ತು. ಅದೂ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಇದಕ್ಕೆ ಮದ್ದು ಫೈರ್‌ಫಾಕ್ಸ್. ಅದು ಫೋನಿನ ಪಟ್ಟಿಯನ್ನು ನಂಬದೆ ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ. ತೀರಾ ಹೊಸ ಆವೃತ್ತಿ ನಿಮ್ಮ ಫೋನಿಗೆ ಸಿಗುವುದಿಲ್ಲ, ಪ್ಲೇ ಸ್ಟೋರ್ ಕೊಡುವ ಹಳೆಯದೇ ಸಾಕು. ಜೊತೆಗೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಆಡ್-ಆನ್ ಹಾಕಿಕೊಂಡರೆ ಪುಟದ ತೂಕ ಎಷ್ಟೋ ಇಳಿಯುತ್ತದೆ.

ಊರಿಗೆ ಬಂದ ಮೇಲೆ ಮೊದಲ ಕೆಲಸ, ಮನೆಯಲ್ಲಿ ಸಿಗ್ನಲ್ ಹುಡುಕುವುದು. ಕಡ್ಡಿಗಳನ್ನು ನಂಬಬೇಡಿ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸ್ಟೇಟಸ್, ಸಿಮ್ ಸ್ಟೇಟಸ್‌ಗೆ ಹೋದರೆ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ಅಂಕಿ ಇರುತ್ತದೆ. -70 ಭರ್ಜರಿ, -90 ಪರವಾಗಿಲ್ಲ, -105 ಅಂದರೆ ಒದ್ದಾಟ. ಫೋನ್ ಹಿಡಿದು ಜಗುಲಿ, ಉಪ್ಪರಿಗೆ ಕಿಟಕಿ, ಕೊಟ್ಟಿಗೆ ಮೂಲೆ ಎಲ್ಲ ಸುತ್ತಿ, ಒಂದೊಂದು ಕಡೆ ಅರ್ಧ ನಿಮಿಷ ನಿಂತು ಬರೆದುಕೊಳ್ಳಿ. ಹತ್ತು ಅಂಕಿ ವ್ಯತ್ಯಾಸ ಅಂದರೆ ಸಿಗ್ನಲ್‌ನ ಬಲ ಹತ್ತು ಪಟ್ಟು ಹೆಚ್ಚು ಅಂತ ಲೆಕ್ಕ. ತಗಡಿನ ಮಾಡಿನ ಕೆಳಗೆ ಅಂಕಿ ಹೇಗೆ ಬೀಳುತ್ತದೆ ಅಂತ ನೀವೇ ನೋಡುತ್ತೀರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಎಡ್ಜ್‌ನಲ್ಲಿ ಒಂಬತ್ತು ಗೇರ್ ಇವೆ. ಸಿಗ್ನಲ್ ಚೆನ್ನಾಗಿದ್ದರೆ ಒಂದು ಸ್ಲಾಟ್‌ಗೆ (ಟವರ್ ಹಂಚುವ ಸಮಯದ ಒಂದು ಪಾಲಿಗೆ) 59.2 ಕೆಬಿಪಿಎಸ್, ಹಾಳಾಗಿದ್ದರೆ 8.8ಕ್ಕೆ ಇಳಿಯುತ್ತದೆ. ಎರಡೂ ಸಲ ಪರದೆಯ ಮೇಲೆ ಕಾಣುವುದು ಅದೇ ‘ಇ’. ಹೆಚ್ಚುಕಡಿಮೆ ಏಳು ಪಟ್ಟು ವ್ಯತ್ಯಾಸ ಒಂದೇ ಅಕ್ಷರದ ಹಿಂದೆ ಅಡಗಿ ಕೂತಿದೆ. ಉಪ್ಪರಿಗೆ ಕಿಟಕಿಯಲ್ಲಿ ಫೋನಿಟ್ಟು, ಹಾಟ್‌ಸ್ಪಾಟ್ ಆನ್ ಮಾಡಿ, ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕೂರುವುದು ಯಾವ ಆಪ್‌ಗಿಂತಲೂ ದೊಡ್ಡ ಉಪಾಯ.

ದಣಪೆ ಹತ್ತಿರ ‘ಎಚ್’ ಬರುತ್ತದೆ ಅಂದಿರಿ. ಮನೆಯೊಳಗೆ ಅದರ ಆಸೆ ಬಿಡಿ. ಫೋನು 3ಜಿ ಸಿಕ್ಕೀತು ಅಂತ ಅದರ ಹಿಂದೆ ಓಡುತ್ತದೆ, ಸಿಗದೆ 2ಜಿಗೆ ವಾಪಸ್ ಬರುತ್ತದೆ, ಮತ್ತೆ ಓಡುತ್ತದೆ. ಪ್ರತಿ ಸಲ ಡೇಟಾ ಕೆಲವು ಸೆಕೆಂಡ್ ನಿಲ್ಲುತ್ತದೆ, ಬ್ಯಾಟರಿಯೂ ಹೋಗುತ್ತದೆ. ಮೊಬೈಲ್ ನೆಟ್‌ವರ್ಕ್ಸ್, ಪ್ರಿಫರ್ಡ್ ನೆಟ್‌ವರ್ಕ್ ಟೈಪ್‌ನಲ್ಲಿ ‘2ಜಿ’ ಮಾತ್ರ ಇಡಿ. ಮೆನುವಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ *#*#4636#*#* ಒತ್ತಿ, ಫೋನ್ ಇನ್ಫರ್ಮೇಶನ್‌ನಲ್ಲಿ ‘ಜಿಎಸ್‌ಎಂ ಓನ್ಲಿ’ (2ಜಿ ಮಾತ್ರ) ಆರಿಸಿ. ಎಲ್ಲ ಫೋನಿನಲ್ಲೂ ಈ ಕೋಡ್ ನಡೆಯುವುದಿಲ್ಲ, ನೋಡಿ. ಉಪ್ಪರಿಗೆಯಲ್ಲಿ ‘ಎಚ್’ ಗಟ್ಟಿಯಾಗಿ ನಿಂತರೆ ಉಲ್ಟಾ ಮಾಡಿ, 3ಜಿ ಮಾತ್ರ ಇಡಿ. ಎಡಬಿಡಂಗಿ ಸ್ಥಿತಿ ಮಾತ್ರ ಬೇಡ.

ಯಾವ ಕಂಪನಿಯ ಸಿಮ್ ಅಂತ ನೀವು ಬರೆದಿಲ್ಲ. ಏರ್‌ಟೆಲ್ 2020ರ ಸುಮಾರಿಗೇ 3ಜಿ ಮುಚ್ಚಿತು. ಹಾಗಾಗಿ 4ಜಿ ಇಲ್ಲದ ಹಳೇ ಫೋನಿನಲ್ಲಿ ಆ ಸಿಮ್ ನೇರ ಎಡ್ಜ್‌ಗೆ ಬೀಳುತ್ತದೆ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲ, ನಿಮ್ಮ ನೋಕಿಯಾಗೆ ಅದು ಹೊಂದುವುದೇ ಇಲ್ಲ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 700 ಮೆಗಾಹರ್ಟ್ಸ್‌ನಲ್ಲೂ 2100ರಲ್ಲೂ ಇದೆ. 700 ಗುಡ್ಡಗಾಡಿನಲ್ಲಿ ದೂರ ಹೋಗುತ್ತದೆ, ಆದರೆ ನಿಮ್ಮ ಫೋನಿನ ಕಾಲದ ಎಷ್ಟೋ ಫೋನುಗಳಿಗೆ ಅದನ್ನು ಹಿಡಿಯುವ ಬ್ಯಾಂಡ್ 28 ಇರಲಿಲ್ಲ. ಊರಿಗೆ 4ಜಿ ಬಂದರೂ ನಿಮ್ಮ ಫೋನಿಗೆ ಕಾಣದಿದ್ದರೆ ಆಶ್ಚರ್ಯಪಡಬೇಡಿ.

ಎಪಿಎನ್, ಅಂದರೆ ಫೋನು ಕಂಪನಿಯ ಡೇಟಾ ಜಾಲಕ್ಕೆ ಹೋಗುವ ಬಾಗಿಲಿನ ಹೆಸರು, ಒಂದು ಸಲ ನೋಡಿಬಿಡಿ. ಬಿಎಸ್‌ಎನ್‌ಎಲ್ ಆದರೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್ ಆದರೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’. ಎಲ್ಲ ಇಂಗ್ಲಿಷ್ ಸಣ್ಣ ಅಕ್ಷರ, ನಡುವೆ ಜಾಗ ಇಲ್ಲ. ಪ್ರಾಕ್ಸಿ, ಪೋರ್ಟ್ ಜಾಗದಲ್ಲಿ ಏನಾದರೂ ಇದ್ದರೆ ಅಳಿಸಿ, ಅದು ವ್ಯಾಪ್ (ಹಳೇ ಫೋನುಗಳ ಪುಟ್ಟ ನೆಟ್) ಕಾಲದ ಕಸ.

ಈಗ ತೂತು ಮುಚ್ಚುವ ಕೆಲಸ. ಪ್ಲೇ ಸ್ಟೋರ್‌ನಲ್ಲಿ ಆಟೊ-ಅಪ್‌ಡೇಟ್ ಬೇಡ ಅನ್ನಿ. ಅಕೌಂಟ್ಸ್‌ನಲ್ಲಿ ಮೂರು ಚುಕ್ಕಿ ಒತ್ತಿ ಆಟೊ-ಸಿಂಕ್ ತೆಗೆಯಿರಿ. ಗೂಗಲ್ ಫೋಟೊಸ್ ಬ್ಯಾಕಪ್ ನಿಲ್ಲಿಸಿ. ಬಳಸದ ಆಪ್‌ಗಳನ್ನು ತೆಗೆದುಹಾಕಿ, ತೆಗೆಯಲು ಬಾರದವನ್ನು ಡಿಸೇಬಲ್ ಮಾಡಿ. ಡೇಟಾ ಯೂಸೇಜ್‌ನ ಮೂರು ಚುಕ್ಕಿಯಲ್ಲಿ ‘ರಿಸ್ಟ್ರಿಕ್ಟ್ ಬ್ಯಾಕ್‌ಗ್ರೌಂಡ್ ಡೇಟಾ’ ಅಂತ ಇದೆ. ಇದೇ ಮುಖ್ಯ ಬಿರಡೆ. ಹಾಕಿದರೆ, ಪರದೆ ಮೇಲೆ ಇರುವ ಆಪ್ ಬಿಟ್ಟು ಬೇರೆ ಯಾವುದಕ್ಕೂ ಮೊಬೈಲ್ ಡೇಟಾ ಸಿಗುವುದಿಲ್ಲ. ತೊಂದರೆ ಏನಪ್ಪಾ ಅಂದರೆ, ವಾಟ್ಸಾಪ್ ತೆರೆಯುವ ತನಕ ಮೆಸೇಜು ಬಂದದ್ದು ಗೊತ್ತಾಗುವುದಿಲ್ಲ. ನನ್ನನ್ನು ಕೇಳಿದರೆ ಅದು ತೊಂದರೆಯೇ ಅಲ್ಲ. ಅರ್ಜೆಂಟ್ ಇದ್ದವರು ಫೋನ್ ಮಾಡುತ್ತಾರೆ.

ವಾಟ್ಸಾಪ್ ಒಳಗೂ ಸ್ವಲ್ಪ ಕೆಲಸ ಇದೆ. ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೊಬೈಲ್ ಡೇಟಾಗೆ ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್ ನಾಲ್ಕೂ ಟಿಕ್ ತೆಗೆಯಿರಿ. ಚಾಟ್ ಬ್ಯಾಕಪ್ ‘ನೆವರ್’ ಇಡಿ, ಮಗಳ ಮನೆಗೆ ಹೋದಾಗ ಕೈಯಾರೆ ಮಾಡಿಕೊಳ್ಳಿ. ಕುಟುಂಬದ ಗ್ರೂಪಿನಲ್ಲಿ ಇರಿ, ಫೋಟೊ ಮಾತ್ರ ಬೇಕಾದ್ದನ್ನು ಒತ್ತಿ ನೋಡಿ. ಎಡ್ಜ್‌ನಲ್ಲಿ ವಾಟ್ಸಾಪ್ ಕರೆಗೆ ಕೈ ಹಾಕಬೇಡಿ, ಮಾತು ಚೂರು ಚೂರಾಗುತ್ತದೆ. ಬದಲಿಗೆ ವಾಯ್ಸ್ ಮೆಸೇಜು ಕಳಿಸಿ. ಒಂದು ನಿಮಿಷದ ಮಾತು ನೂರು-ನೂರೈವತ್ತು ಕೆಬಿ ಆಸುಪಾಸು, ಒಂದು ಫೋಟೊದಷ್ಟೇ. ಒಂದು ಮಾತು ನೆನಪಿರಲಿ: 2023ರ ಅಕ್ಟೋಬರ್‌ನಿಂದ ವಾಟ್ಸಾಪ್‌ಗೆ ಕನಿಷ್ಠ ಆಂಡ್ರಾಯ್ಡ್ 5.0 ಬೇಕು. ನಿಮ್ಮದು 5.1, ಗಡಿಯಲ್ಲೇ ಇದೆ. ಮುಂದೆ ಗಡಿ ಸರಿದರೆ ಈ ಫೋನಿನಲ್ಲಿ ವಾಟ್ಸಾಪ್ ನಿಲ್ಲುತ್ತದೆ.

ಧಾರಣೆ, ಸುದ್ದಿ ನೋಡಲು ಒಪೇರಾ ಮಿನಿ ಹಾಕಿಕೊಂಡು ‘ಎಕ್ಸ್‌ಟ್ರೀಮ್’ ಉಳಿತಾಯ ಆರಿಸಿ. ಅದು ಪುಟವನ್ನು ನಿಮ್ಮ ಫೋನಿಗೆ ನೇರ ತರುವುದಿಲ್ಲ. ಒಪೇರಾದ ಸರ್ವರ್ ಪುಟ ತೆರೆದು, ಹಿಂಡಿ, ಸಾರ ಮಾತ್ರ ಕಳಿಸುತ್ತದೆ. ನಿಮಗೆ ಬೇಕಾದ್ದು ಅಡಿಕೆಯಲ್ಲಿ ರಾಶಿ ಇಡಿಗೆ ಎಷ್ಟು, ಬೆಟ್ಟೆಗೆ ಎಷ್ಟು ಅನ್ನುವ ಅಂಕಿ ತಾನೆ? ಚಿತ್ರಗಳನ್ನೂ ಆಫ್ ಮಾಡಿಬಿಡಿ. ವೇಗಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಎಡ್ಜ್‌ನಲ್ಲಿ ಒಂದು ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಹಿಡಿಯುತ್ತದೆ. ಮಾಮೂಲಿ ಪುಟ ಇಪ್ಪತ್ತು-ಮೂವತ್ತು ಕಡೆಯಿಂದ ತುಂಡು ತುಂಡು ತರಿಸಿಕೊಳ್ಳುತ್ತದೆ, ಪ್ರತಿಯೊಂದಕ್ಕೂ ಎರಡು-ಮೂರು ಸಲ ಹೋಗಿ ಬರಬೇಕು. ಒಪೇರಾ ಮಿನಿ ಒಂದೇ ಕಡೆ ಕೇಳಿ ಎಲ್ಲವನ್ನೂ ಒಂದೇ ಗಂಟಿನಲ್ಲಿ ತರುತ್ತದೆ. ಆದರೆ ನಡುವೆ ಇನ್ನೊಬ್ಬರ ಸರ್ವರ್ ಕೂತಿರುವುದರಿಂದ ಪಾಸ್‌ವರ್ಡ್, ಬ್ಯಾಂಕು, ಇಮೇಲ್ ಅದರಲ್ಲಿ ಬೇಡ.

ಹಳೇ ಲೇಖನಗಳಲ್ಲಿ ‘ಕ್ರೋಮ್‌ನ ಲೈಟ್ ಮೋಡ್ ಆನ್ ಮಾಡಿ’, ‘ಯೂಟ್ಯೂಬ್ ಗೋ ಹಾಕಿ’, ‘ಜಿಮೇಲ್‌ನ ಬೇಸಿಕ್ ಪುಟ ತೆರೆಯಿರಿ’ ಅಂತೆಲ್ಲ ಓದಿರುತ್ತೀರಿ. ಮೊದಲ ಎರಡೂ 2022ರಲ್ಲಿ ನಿಂತವು, ಮೂರನೆಯದು 2024ರಲ್ಲಿ. ನೆಟ್ ಎಲ್ಲರಿಗೂ ವೇಗ ಆಗಿದೆ ಅಂತ ಅವರು ತೀರ್ಮಾನ ಮಾಡಿಕೊಂಡುಬಿಟ್ಟರು. ದಣಪೆ ಹತ್ತಿರ ನಿಂತವರನ್ನು ಯಾರೂ ಕೇಳಲಿಲ್ಲ. ಇಮೇಲ್‌ಗೆ ಕೆ-9 ಮೇಲ್ ಆಪ್ ನೋಡಿ. ಒಂದು ಪತ್ರದಲ್ಲಿ ಮೊದಲ 32 ಕೆಬಿ ಮಾತ್ರ ತಾ ಅಂತ ಅದಕ್ಕೆ ಹೇಳಬಹುದು. ಅಟ್ಯಾಚ್‌ಮೆಂಟ್ ಬೇಕೆಂದರೆ ಮಾತ್ರ ಇಳಿಯುತ್ತದೆ.

ಓದುವ ಹುಚ್ಚು ಇದ್ದರೆ, ನೆಟ್ ಇಲ್ಲದೆಯೂ ಓದಿಸುವ ಕಿವಿಕ್ಸ್ ಆಪ್‌ನಲ್ಲಿ ಕನ್ನಡ ವಿಕಿಪೀಡಿಯವನ್ನೇ ಪೂರ್ತಿ ಮೆಮೊರಿ ಕಾರ್ಡಿಗೆ ಇಳಿಸಿ ತರಬಹುದು. ಇದೂ ಮಗಳ ಮನೆಯ ವೈಫೈ ಪಟ್ಟಿಗೆ ಸೇರಲಿ.

ಲ್ಯಾಪ್‌ಟಾಪ್‌ಗೆ ಬರೋಣ. ಆಂಡ್ರಾಯ್ಡ್ ಇರುವಾಗ *99# ಡಯಲ್ ಮಾಡುವ ಸರ್ಕಸ್ ಬೇಕಿಲ್ಲ. ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಕೊಡುವ ಸೆಟ್ಟಿಂಗ್) ಆನ್ ಮಾಡಿ, ಫೋನ್ ಚಾರ್ಜ್ ಕೂಡ ಆಗುತ್ತಿರುತ್ತದೆ. ಹಾಟ್‌ಸ್ಪಾಟ್ ಇರಲಿ, ಕೇಬಲ್ ಇರಲಿ, ವಿಂಡೋಸ್‌ನಲ್ಲಿ ಆ ಸಂಪರ್ಕಕ್ಕೆ ‘ಮೀಟರ್ಡ್ ಕನೆಕ್ಷನ್’ (ಅಳೆದು ಬಳಸಬೇಕಾದ ನೆಟ್) ಅಂತ ಗುರುತು ಹಾಕದೆ ಮುಂದೆ ಹೋಗಬೇಡಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಸುಮ್ನೆ ಕೂರುವ ಜಾತಿಯಲ್ಲ, ಇಡೀ ದಂಬೆಯನ್ನೇ ತನ್ನ ಕಡೆ ತಿರುಗಿಸಿಕೊಳ್ಳುತ್ತದೆ.

ನೋಕಿಯಾದಲ್ಲೂ ಒಂದು ಸಲ ಆಸೆ ತೀರಿಸಿಕೊಳ್ಳಬೇಕು ಅನಿಸಿದರೆ ಹೀಗೆ ಮಾಡಿ. ಬ್ಲೂಟೂತ್‌ನಲ್ಲಿ ಜೋಡಿಸಿ, ಲ್ಯಾಪ್‌ಟಾಪ್‌ನಲ್ಲಿ ಹೊಸ ಡಯಲ್-ಅಪ್ ಸಂಪರ್ಕ ಮಾಡಿ. ಸಂಖ್ಯೆ *99#, ಯೂಸರ್ ನೇಮ್, ಪಾಸ್‌ವರ್ಡ್ ಎರಡೂ ಖಾಲಿ. ಎಪಿಎನ್ ಹೆಸರನ್ನು ಮೋಡೆಮ್‌ನ ಗುಣಲಕ್ಷಣಗಳಲ್ಲಿ ‘ಹೆಚ್ಚುವರಿ ಆದೇಶ’ದ ಜಾಗದಲ್ಲಿ ಕೊಡಬೇಕಾಗಬಹುದು. ಮೊದಲು ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ ಕೂರಿ. ಕೆಲಸ ನಡೆಯುತ್ತದೆ, ಆದರೆ ದಿನಾ ಮಾಡುವ ಕೆಲಸ ಅಲ್ಲ.

ನೋಕಿಯಾಗೆ ನಾನು ಇಟ್ಟಿರುವ ನಿಜವಾದ ಕೆಲಸ ಬೇರೆ. 2ಜಿಯಲ್ಲಿ ಕರೆ ಬಂದ ಕೂಡಲೇ ಡೇಟಾ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮುಂದುವರಿಯುತ್ತದೆ. ಅಮ್ಮ ರಿಸೀವರ್ ಎತ್ತಿದ ಕಥೆಯೇ. ಆದ್ದರಿಂದ ಎಲ್ಲರ ಹತ್ತಿರ ಇರುವ ನಿಮ್ಮ ಹಳೇ ನಂಬರಿನ ಸಿಮ್ ನೋಕಿಯಾದಲ್ಲಿ ಇರಲಿ. ಆಂಡ್ರಾಯ್ಡ್‌ಗೆ ಇನ್ನೊಂದು ಸಿಮ್ ಹಾಕಿ, ಆ ನಂಬರ್ ಯಾರಿಗೂ ಕೊಡಬೇಡಿ. ವಾಟ್ಸಾಪ್ ನೋಂದಣಿಗೆ ಹಳೇ ನಂಬರನ್ನೇ ಕೊಡಬಹುದು, ಒಟಿಪಿ ನೋಕಿಯಾಗೆ ಬರುತ್ತದೆ, ನೋಡಿ ಆಂಡ್ರಾಯ್ಡ್‌ನಲ್ಲಿ ಹಾಕಿದರೆ ಆಯಿತು. ಸಂಜೆ ಊರಿಗೆ ಊರೇ ಫೋನಿನಲ್ಲಿ ಮಾತಾಡುವ ಹೊತ್ತು, ಟವರ್ ಮಾತಿಗೆ ಮೊದಲ ಜಾಗ ಕೊಟ್ಟು ಉಳಿದದ್ದನ್ನು ಡೇಟಾಗೆ ಬಿಡುತ್ತದೆ. ಇಮೇಲ್ ಗಿಮೇಲ್ ಬೆಳಗ್ಗೆ ಕಾಫಿಗೆ ಮೊದಲೇ ಮುಗಿಸಿಕೊಳ್ಳಿ.

ನಿಮಗೆ ತಪ್ಪಾಗಿ ಸಿಕ್ಕಿದ ಆ ಬ್ಯಾಂಕಿನ ಮೆನು ಇದೆಯಲ್ಲ, ಅದನ್ನು ಬಿಡಬೇಡಿ. ನಿಮ್ಮ ಆಂಡ್ರಾಯ್ಡ್‌ಗೆ ಭದ್ರತೆಯ ಅಪ್‌ಡೇಟ್ ಬರುವುದು ಎಂದೋ ನಿಂತಿದೆ, ಹಣದ ಆಪ್‌ಗಳನ್ನು ಅದರಲ್ಲಿ ಹಾಕಬಾರದು. ಬ್ಯಾಂಕಿಗೆ ಕೊಟ್ಟಿರುವುದು ಹಳೇ ನಂಬರೇ ತಾನೆ? ಹಾಗಾದರೆ ನೋಕಿಯಾದಿಂದ *99# ಒತ್ತಿದರೆ ಬಾಕಿ ನೋಡಬಹುದು, ಒಂದು ಸಲಕ್ಕೆ 5,000 ರೂಪಾಯಿ ತನಕ ಕಳಿಸಬಹುದು. ಭಾಷೆಗಳಲ್ಲಿ ಕನ್ನಡವೂ ಇದೆ. ಮೊದಲ ಸಲ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಕೇಳುತ್ತದೆ. ಹೀಗೆ ಸಂಖ್ಯೆ ಒತ್ತಿ ಮೆನು ತರಿಸುವುದಕ್ಕೆ (ಯುಎಸ್‌ಎಸ್‌ಡಿ) ಇದ್ದ ಶುಲ್ಕವನ್ನು ದೂರಸಂಪರ್ಕ ನಿಯಂತ್ರಕ ಟ್ರಾಯ್ 2022ರಲ್ಲೇ ತೆಗೆದಿದೆ. ಪಿನ್ ಮಾತ್ರ ಅಕ್ಕನ ಮಗನಿಗೂ ಹೇಳಬೇಡಿ.

ಮತ್ತೆ, ನೋಕಿಯಾದ ಸಣ್ಣ ಪಿನ್ನಿನ ಚಾರ್ಜರ್ ಹುಡುಕಿಟ್ಟುಕೊಳ್ಳಿ. ಇ63ರಲ್ಲಿ ಯುಎಸ್‌ಬಿ ತೂತು ಇದೆ, ಆದರೆ ಅದರಿಂದ ಚಾರ್ಜ್ ಆಗುವುದಿಲ್ಲ.